ತಲಿ ಎರಕೊಳ್ಳೋ ಲೆಕ್ಕ

ಹೋದ ವರ್ಷ ಮದುವೆ ಸೀಜನ್ನಿಗೆ ಮುಂಚೆ ಬ್ಯಾಡಗಿಯಿಂದ ಚಿಗವ್ವನ ಫೋನು ಬಂತು. ಮಗಳ ಮದುವೆಗೆ ಎರಡು ತಿಂಗಳು ಉಳಿದಿತ್ತು. ಹುಡುಗಿ ರಾಣೆಬೆನ್ನೂರಿನ ಒಂದು ಪಾರ್ಲರಿಗೆ ಹೋಗಿ, ವಾಪಸ್ ಬರುವಾಗ ಒಂದು ಚೀಟಿ ಬರೆಸಿಕೊಂಡು ಬಂದಿದ್ದಳು. ಶಾಂಪೂ, ಕಂಡೀಷನರ್, ಮಾಸ್ಕ್, ಸೀರಮ್ಮು, ಎಲ್ಲಾ ಸೇರಿ 2,800 ರೂಪಾಯಿ.

"ಪಾಕೀಟಿನ ಶಾಂಪೂ ಹಚ್ಚಿ ಹಚ್ಚಿ ಕೂದಲಾ ಕೆಟ್ಟಾವು, ಇನ್ನ ಮ್ಯಾಲೆ ಸಲೂನ್ ಕ್ವಾಲಿಟೀದ ಹಚ್ಚಬೇಕು ಅಂದ್ರಂತವಾ. ಖರೇ ಏನು? ನೀ ಓದಿದಾಕಿ, ನೀನ ಹೇಳು."

ಚಿಗವ್ವ ಮೆಣಸಿನಕಾಯಿ ತೊಟ್ಟು ಮುರಿಯೋ ಕೂಲಿಗೆ ಹೋಗ್ತಾಳೆ. ತಲೆಗೆ ಅರಿವೆ ಎಷ್ಟು ಬಿಗಿದರೂ ಸಂಜೆ ಹೊತ್ತಿಗೆ ಕೂದಲ ಬುಡದ ತನಕ ಖಾರದ ಧೂಳು ಕೂತಿರುತ್ತೆ. ಮನೆಗೆ ಬರುವ ದಾರಿಯಲ್ಲಿ ಕಿರಾಣಿ ಅಂಗಡಿಯಲ್ಲಿ ಮಾಲೆ ಹಾಗೆ ತೂಗೋ ಪಾಕೀಟಿನಿಂದ ಒಂದು ಹರಕೊಂಡು, ಒಂದು ರೂಪಾಯಿ ಕೊಟ್ಟು ಬರ್ತಾಳೆ. ಅವಳ ಪ್ರಶ್ನೆ ಬರೀ ಅಂದಚೆಂದದ್ದಲ್ಲ, ಎಷ್ಟೋ ದಿನದ ಕೂಲಿಯದ್ದು. ಫೋನಲ್ಲಿ ಥಟ್ ಅಂತ ಹೇಳೋಕೆ ಆಗಲಿಲ್ಲ. "ನಾಳೆ ಹೇಳ್ತೀನಿ" ಅಂದೆ. ಆ 'ನಾಳೆ'ಗೆ ಒಂದು ವಾರ ಹಿಡೀತು. ಯಾಕಂದ್ರೆ 'ಸಲೂನಿನದು', 'ಅಗ್ಗದ್ದು' ಅನ್ನೋ ಈ ಎರಡು ಜಾತಿ ಹುಟ್ಟಿದ್ದು ಎಲ್ಲಿ ಅಂತ ಹುಡುಕ್ತಾ ಹೋದರೆ ಕತೆ ಬಹಳ ದೂರ ಹೋಗುತ್ತೆ.

ನಮ್ಮ ಕಡೆ 'ತಲೆಸ್ನಾನ' ಅನ್ನೋದು ಪುಸ್ತಕದ ಮಾತು. ಮನೆಯ ಮಾತು 'ಎರಕೊಳ್ಳೋದು'. ಹಂಡೆ ನೀರು ಕಾಯಿಸಿ, ತಲೆಗೆ ಎಣ್ಣೆ ಇಟ್ಟು, ಒಬ್ಬರು ಕೂತು ಇನ್ನೊಬ್ಬರು ತಿಕ್ಕಿ ಎರೆಯೋದು. ಶಿರಸಿ ಕಡೆಯ ಕಾಡಿನ ಸೀಗೆಕಾಯಿ, ಅಂಟುವಾಳಕಾಯಿ, ಕಡಲೆಹಿಟ್ಟು, ಏನೂ ಇಲ್ಲದಿದ್ದರೆ ಹೊಲದ ಎರೆಮಣ್ಣು. ಸೀಗೆ, ಅಂಟುವಾಳದಲ್ಲಿ ಸಪೋನಿನ್ ಅನ್ನೋ ನೊರೆ ಕೊಡುವ ಅಂಶ ಇದೆ. ಅದು ಎಣ್ಣೆಯನ್ನು ಹಿಡಿದು ನೀರಿನ ಜೊತೆ ಕಳಿಸುತ್ತೆ. ಇವತ್ತಿನ ಶಾಂಪೂ ಮಾಡೋದೂ ಅದೇ ಕೆಲಸ. ಆಗ ಇದರಲ್ಲಿ ಬಡವರದು ಸಾಹುಕಾರರದು ಅಂತ ಬೇರೆ ಸೀಗೆಕಾಯಿ ಇರಲಿಲ್ಲ. ಸಾಹುಕಾರರ ಮನೆಯಲ್ಲಿ ಎಣ್ಣೆ ಹೆಚ್ಚು, ಎರೆಯೋ ಕೈ ಹೆಚ್ಚು, ಅಷ್ಟೇ. ಗಂಡಸರ ಕ್ಷೌರಕ್ಕೆ ಆಯಗಾರರು ಮನೆಬಾಗಿಲಿಗೆ ಬರೋರು, ಸುಗ್ಗಿಯಲ್ಲಿ ಕಣಕ್ಕೆ ಬಂದು ಜೋಳ ಒಯ್ಯೋರು. ಹೆಂಗಸರ ಕೂದಲು ಅಂಗಡಿಯ ಮೆಟ್ಟಿಲು ಹತ್ತಿದ್ದೇ ಇರಲಿಲ್ಲ.

ತಮಾಷೆ ಅಂದ್ರೆ 'ಶಾಂಪೂ' ಅನ್ನೋ ಪದ ಹೋಗಿದ್ದು ನಮ್ಮ ದೇಶದಿಂದಲೇ. ಹಿಂದಿಯ 'ಚಾಂಪೋ', ಅಂದ್ರೆ ಒತ್ತು, ತಿಕ್ಕು. ತಲೆ 'ಚಂಪಿ' ಅಂತೀವಲ್ಲ, ಅದೇ ಬಳ್ಳಿ. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬಾತ ಇಂಗ್ಲೆಂಡಿಗೆ ಹೋಗಿ ಬ್ರೈಟನ್ ಊರಲ್ಲಿ ಉಗಿಸ್ನಾನದ ಮನೆ ತೆರೆದ. ಬಿಸಿ ಹಬೆಯಲ್ಲಿ ಕೂರಿಸಿ ಮೈ ಒತ್ತಿ ತಿಕ್ಕುವುದಕ್ಕೆ 'ಶಾಂಪೂಯಿಂಗ್' ಅಂತ ಹೆಸರಿಟ್ಟು, 1822ರಲ್ಲಿ ಅದೇ ಹೆಸರಿನ ಪುಸ್ತಕವನ್ನೂ ಬರೆದ. ರಾಜ ನಾಲ್ಕನೇ ಜಾರ್ಜ್ ಅವನ ಗಿರಾಕಿ. ಅಂದ್ರೆ ಶಾಂಪೂ ಮೊದಲು ಒಂದು ವಸ್ತು ಆಗಿರಲಿಲ್ಲ, ಕೈಕೆಲಸ ಆಗಿತ್ತು. ಅದು ತಲೆ ತೊಳೆಯೋದಕ್ಕೆ, ಆಮೇಲೆ ತೊಳೆಯೋ ವಸ್ತುವಿಗೆ ಹೆಸರಾಗಿದ್ದು ಸಾವಕಾಶವಾಗಿ.

ವಸ್ತು ಬಂದಿದ್ದು 20ನೇ ಶತಮಾನದಲ್ಲಿ. 1903ರಲ್ಲಿ ಬರ್ಲಿನ್ನಿನ ಔಷಧ ವ್ಯಾಪಾರಿ ಹಾನ್ಸ್ ಶ್ವಾರ್ಜ್‌ಕಾಫ್ ನೀರಲ್ಲಿ ಕರಗೋ ಶಾಂಪೂ ಪುಡಿಯನ್ನು ಸಣ್ಣ ಪೊಟ್ಟಣ ಮಾಡಿ ಮಾರಿದ. ಇವತ್ತು ಪಾರ್ಲರಿನ ಕಪಾಟಿನಲ್ಲಿ ಠೀವಿಯಿಂದ ನಿಂತಿರೋ ಆ ಹೆಸರು ಶುರುವಾಗಿದ್ದೂ ಪೊಟ್ಟಣದಿಂದಲೇ ನೋಡ್ರಿ! 1934ರಲ್ಲಿ ಅಮೆರಿಕದಲ್ಲಿ ಡ್ರೀನ್ ಅನ್ನೋ ಶಾಂಪೂ ಬಂತು. ಅದರಲ್ಲಿ ಸೋಪು ಇರಲಿಲ್ಲ, ರಾಸಾಯನಿಕವಾಗಿ ತಯಾರಿಸಿದ ಡಿಟರ್ಜೆಂಟ್ ಇತ್ತು. ಇದರ ಮಹತ್ವ ಬೋರಿನ ಸವಳು ನೀರಲ್ಲಿ ಸೋಪು ಹಚ್ಚಿ ಎರಕೊಂಡವರಿಗೇ ಗೊತ್ತು. ಗಡಸು ನೀರಿನ ಸುಣ್ಣದ ಅಂಶ ಸೋಪಿನ ಜೊತೆ ಕೂಡಿ ಕೂದಲ ಮೇಲೆ ಬಿಳೀ ಜಿಗುಟು ಕೂರಿಸುತ್ತೆ. ಡಿಟರ್ಜೆಂಟಿನ ಶಾಂಪೂ ಹಾಗೆ ಮಾಡೋದಿಲ್ಲ.

ಹಾಗಾದ್ರೆ 'ಸಲೂನ್ ಕ್ವಾಲಿಟಿ' ಎಲ್ಲಿಂದ ಬಂತು? ಪ್ಯಾರಿಸಿನಿಂದ. ಯುಜೀನ್ ಶುಯೆಲ್ಲೆ ಎಂಬ ರಸಾಯನಶಾಸ್ತ್ರಜ್ಞ ಕೂದಲ ಬಣ್ಣ ತಯಾರಿಸಿ ಅದನ್ನು ಊರಿನ ಕೇಶಾಲಂಕಾರದವರಿಗೆ ಮಾರತೊಡಗಿದ. 1909ರಲ್ಲಿ ಕಂಪನಿ ಕಟ್ಟಿದ. ಮುಂದೆ ಅದೇ ಲೋರಿಯಾಲ್ ಆಯಿತು. ಬಣ್ಣ ಹಾಕೋದಕ್ಕೆ ಅಳತೆ ಬೇಕು, ಕೈ ಪಳಗಿರಬೇಕು. ಹಾಗಾಗಿ ಮಾಲು ಕಸಬುದಾರರ ಕೈಗೆ ಹೋಗಿದ್ದು ಸರಿಯೇ. ಆದರೆ ದಾರಿ ಒಮ್ಮೆ ಆದ ಮೇಲೆ ಅದೇ ದಾರಿಯಲ್ಲಿ ಕಸಬಿನ ಅವಶ್ಯಕತೆಯೇ ಇಲ್ಲದ ಶಾಂಪೂನೂ ಬಂತು. 'ಸಲೂನ್ ಕ್ವಾಲಿಟಿ' ಅನ್ನೋದು ಮೊದಲಿಗೆ ಮಾಲಿನ ಗುಣದ ಹೆಸರಲ್ಲ, ಮಾಲು ಯಾರ ಕೈಯಿಂದ ಮಾರಾಟ ಆಗುತ್ತೆ ಅನ್ನೋದರ ಹೆಸರು.

ನಮ್ಮ ದೇಶಕ್ಕೆ ಸನ್‌ಸಿಲ್ಕ್ ಬಂದಿದ್ದು 1964ರಲ್ಲಿ. ಆಗ ಶಾಂಪೂ ಅಂದ್ರೆ ಪಟ್ಟಣದವರ ಬಾಟಲಿ. ಅದನ್ನು ಹಳ್ಳಿ ಕಿರಾಣಿ ಅಂಗಡಿಯ ತನಕ ತಂದಿದ್ದು ತಮಿಳುನಾಡಿನ ಕಡಲೂರಿನ ಒಂದು ಮನೆತನ. ಚಿನ್ನಿ ಕೃಷ್ಣನ್ ಎಂಬುವರು, ಬಾಟಲಿಯಲ್ಲಿ ಬರೋದನ್ನೆಲ್ಲ ಕೂಲಿಯವನೂ ಕೊಳ್ಳುವಂತೆ ಸಣ್ಣ ಪಾಕೀಟಿಗೆ ಹಾಕಬೇಕು ಅನ್ನೋ ಹುಚ್ಚು ಹಚ್ಚಿಕೊಂಡವರು. ಅವರ ನಂತರ ಮಕ್ಕಳು ವೆಲ್ವೆಟ್ ಶಾಂಪೂ ಪಾಕೀಟು ಮಾರಿದರು. ಮಕ್ಕಳಲ್ಲಿ ಒಬ್ಬರಾದ ಸಿ.ಕೆ. ರಂಗನಾಥನ್ ಮನೆಯಿಂದ ಬೇರೆಯಾಗಿ 1983ರಲ್ಲಿ 15,000 ರೂಪಾಯಿ ಬಂಡವಾಳದಲ್ಲಿ ಅಪ್ಪನ ಹೆಸರಿನ ಅಕ್ಷರಗಳನ್ನೇ ಜೋಡಿಸಿ 'ಚಿಕ್' ಶಾಂಪೂ ಶುರು ಮಾಡಿದರು. ಹಳ್ಳಿಗಳಲ್ಲಿ ಒಬ್ಬ ಹುಡುಗನನ್ನು ಕೂರಿಸಿ ಎಲ್ಲರ ಎದುರು ತಲೆ ತೊಳೆದು ತೋರಿಸೋರು. ಯಾವ ಕಂಪನಿಯದಾದರೂ ಐದು ಖಾಲಿ ಪಾಕೀಟು ತಂದರೆ ಒಂದು ಚಿಕ್ ಪುಕ್ಕಟೆ ಕೊಡೋರು. 1999ರಲ್ಲಿ ಬೆಲೆ 50 ಪೈಸೆಗೆ ಇಳೀತು. ದೊಡ್ಡ ಕಂಪನಿಗಳೂ ಅದೇ ದಾರಿ ಹಿಡಿದವು.

1997ರಲ್ಲಿ ಧಾರವಾಡದಿಂದ ಒಡೆದು ಹಾವೇರಿ ಜಿಲ್ಲೆ ಆಯಿತು. ಅದೇ ವರ್ಷ ಲೋರಿಯಾಲಿನ ಸಲೂನ್ ವಿಭಾಗ ಭಾರತಕ್ಕೆ ಬಂತು. ಎರಡಕ್ಕೂ ಸಂಬಂಧ ಇಲ್ಲ ಬಿಡ್ರಿ. ಆದ್ರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ರೈಲು ಹಳಿಯ ಮೇಲಿನ ಊರು. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೊರಟಿದ್ದು ಇವತ್ತಲ್ಲ ನಾಳೆ ಇಲ್ಲಿ ಇಳಿದೇ ಇಳಿಯುತ್ತೆ. ಪಾಕೀಟು ಮೊದಲು ಇಳೀತು, ಬಾಟಲಿ ಆಮೇಲೆ ಇಳೀತು.

ಈಗ ಚಿಗವ್ವನ ಪ್ರಶ್ನೆಗೆ ಬರೋಣ. ಚೀಟಿಯಲ್ಲಿದ್ದ ಶಾಂಪೂ 300 ಎಂ.ಎಲ್., ಬೆಲೆ 840. ಪಾಕೀಟಿನಲ್ಲಿ ಇರೋದು ಐದಾರು ಎಂ.ಎಲ್. ಅಷ್ಟೇ ಅಳತೆಗೆ ಲೆಕ್ಕ ಹಾಕಿದರೆ ಒಂದು ಸಲ ಎರಕೊಳ್ಳೋಕೆ ಪಾಕೀಟಿಗೆ 1 ರೂಪಾಯಿ, ಬಾಟಲಿಗೆ ಸುಮಾರು 17. ಹದಿನೇಳು ಪಟ್ಟು ಒಳ್ಳೆಯದೇ? ಲೇಬಲ್ ಓದಿದೆ. ಎರಡು ಥರದ ಬಾಟಲಿಗಳಲ್ಲೂ ಮೊದಲು ನೀರು. ಆಮೇಲೆ ಸಾಮಾನ್ಯವಾಗಿ ಸೋಡಿಯಂ ಲಾರೆತ್ ಸಲ್ಫೇಟ್, ಕೊಕಾಮಿಡೊಪ್ರೊಪೈಲ್ ಬೀಟೇನ್ ಎಂಬ ತೊಳೆಯೋ ವಸ್ತುಗಳು. ನುಣುಪಿಗೆ ಡೈಮೆಥಿಕೋನ್. ವ್ಯತ್ಯಾಸ ಇಲ್ಲ ಅಂತಲ್ಲ. ದುಬಾರಿಯದರಲ್ಲಿ ತೊಳೆಯೋ ವಸ್ತು ಮೆದುವಾಗಿರಬಹುದು, ನುಣುಪಿನ ವಸ್ತು ಹೆಚ್ಚಿರಬಹುದು, ವಾಸನೆ ಚೊಲೋ ಇರುತ್ತೆ. ಬಣ್ಣ ಹಾಕಿಸಿದ, ಸ್ಟ್ರೈಟ್ ಮಾಡಿಸಿದ ಕೂದಲಿಗೆ ಅದು ಉಪಯೋಗ. ಬರೀ ಎಣ್ಣೆ, ಧೂಳು ಕಂಡ ಕೂದಲಿಗೆ ಆ ಹದಿನಾರು ರೂಪಾಯಿ ಹೆಚ್ಚಿಗೆ ಮಾಡೋದು ಸ್ವಲ್ಪ. ಇನ್ನು 'ರಿಪೇರಿ' ಅನ್ನೋ ಮಾತು: ಚರ್ಮದಿಂದ ಹೊರಗೆ ಬಂದ ಕೂದಲು ಸತ್ತ ಕೂದಲು. ಅದರ ಮೇಲೆ ಪದರ ಕೂರಿಸಬಹುದು, ಜೀವ ತುಂಬೋಕೆ ಆಗಲ್ಲ.

ಹಾಗಂತ ಪಾಕೀಟಿನದು ಪೂರಾ ಸಾಚಾ ವ್ಯವಹಾರ ಅಂತ ತಿಳಿಬ್ಯಾಡ್ರಿ. ನಮ್ಮ ಕಾನೂನಿನ ಪ್ರಕಾರ ಸೌಂದರ್ಯ ಸಾಮಗ್ರಿಯ ಮೇಲೆ ಒಳಗೇನಿದೆ ಅಂತ ಬರೆಯಲೇಬೇಕು, ಆದರೆ 60 ಎಂ.ಎಲ್. ಒಳಗಿನ ದ್ರವದ ಪ್ಯಾಕಿಗೆ ವಿನಾಯಿತಿ. ಅಂದ್ರೆ 840 ರೂಪಾಯಿ ಕೊಡೋರಿಗೆ ಒಳಗೇನಿದೆ ಅಂತ ತಿಳಿಯೋ ಹಕ್ಕು ಇದೆ, ಒಂದು ರೂಪಾಯಿ ಕೊಡೋ ಚಿಗವ್ವನಿಗೆ ಇಲ್ಲ. ಅದಕ್ಕೆ ನಾನು ಅದೇ ಶಾಂಪೂವಿನ ದೊಡ್ಡ ಬಾಟಲಿ ಹುಡುಕಿ ಓದಬೇಕಾಯಿತು. ಮೇಲಾಗಿ ಹರಿದು ಎಸೆದ ಪಾಕೀಟು ಗಟಾರದಲ್ಲಿ ಕೂರುತ್ತೆ. ಅದರ ಬೆಲೆ ಆ ಒಂದು ರೂಪಾಯಿಯಲ್ಲಿ ಸೇರಿಲ್ಲ.

ಇನ್ನೊಂದು ಮಾತು, ಇದೇ ಮುಖ್ಯ. ಅಗ್ಗ ದುಬಾರಿ ಅನ್ನೋ ಜಗಳದಲ್ಲಿ ನಾವು ಮರೆಯೋದು ಕೂದಲ ಕಪ್ಪು ಬಣ್ಣವನ್ನು. ಪಿಪಿಡಿ ಅನ್ನೋ ರಾಸಾಯನಿಕ 19ನೇ ಶತಮಾನದಿಂದಲೂ ಕೂದಲ ಬಣ್ಣದಲ್ಲಿದೆ. ಅಗ್ಗದ ಪಾಕೀಟಿನಲ್ಲೂ ಉಂಟು, ಸಲೂನಿನ ಎಷ್ಟೋ ಬಣ್ಣಗಳಲ್ಲೂ ಉಂಟು. ಕೆಲವರ ಮೈಗೆ ಅದು ಆಗಿಬರಲ್ಲ: ತುರಿಕೆ, ಗುಳ್ಳೆ, ಮುಖ ಬಾವು. ಮೊದಲು ಸ್ವಲ್ಪ ಹಚ್ಚಿ ಪರೀಕ್ಷೆ ಮಾಡಿ, ರೆಪ್ಪೆ ಹುಬ್ಬಿಗೆ ಹಚ್ಚಬೇಡಿ, ಕಣ್ಣು ಹೋಗಬಹುದು ಅನ್ನೋ ಎಚ್ಚರಿಕೆ ಇಂಥ ಬಣ್ಣದ ಮೇಲೆ ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಇರಬೇಕು ಅಂತ ಕಾನೂನೇ ಹೇಳುತ್ತೆ. ಅದನ್ನ ಓದೋರು ಯಾರು? ಚಿಗವ್ವನೂ ಮದುವೆಗೆ ಬಣ್ಣ ಹಚ್ಚಿಕೊಳ್ಳೋಳಿದ್ದಳು, ಅದೂ ಹಿಂದಿನ ದಿನ! ಇಲ್ಲಿ ರೊಕ್ಕ ನಿಮ್ಮನ್ನ ಕಾಯೋದಿಲ್ಲ. ಎರಡು ದಿನ ಮುಂಚೆ ಕಿವಿ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡೋದು ಕಾಯುತ್ತೆ.

ವಾರದ ಮೇಲೆ ಫೋನು ಮಾಡಿ ಇಷ್ಟೂ ಹೇಳಿದೆ. ಚಿಗವ್ವ ಕೇಳಿಸಿಕೊಂಡು ಅಂದಳು: "ಅಂದ್ರ ಚೀಲ ನೋಡಿ ಕಾಯಿ ತಗೋಬ್ಯಾಡ ಅಂತೀ."

ಬ್ಯಾಡಗಿಯವರಿಗೆ ಇದನ್ನ ನಾನು ಹೇಳಿಕೊಡಬೇಕೇ? 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕಾಯಿ ಅದು. ಪ್ಯಾಟಿಯಲ್ಲಿ ಯಾರೂ ಚೀಲದ ಮೇಲಿನ ಹೆಸರು ನೋಡಿ ರೇಟು ಕಟ್ಟೋದಿಲ್ಲ. ಕೈ ಹಾಕಿ ತೆಗೆದು, ಡಬ್ಬಿಯೋ ಕಡ್ಡಿಯೋ, ಬಣ್ಣ ಎಂಥದ್ದು, ಸುಕ್ಕು ಎಷ್ಟು, ಒಣಗಿದ್ದು ಹೆಂಗೆ ಅಂತ ಮುರಿದು ನೋಡ್ತಾರೆ. ಅದೇ ಕಾಯಿಯಿಂದ ತೆಗೆದ ಬಣ್ಣದ ಎಣ್ಣೆ ಲಿಪ್‌ಸ್ಟಿಕ್, ನೇಲ್ ಪಾಲಿಷಿಗೂ ಹೋಗುತ್ತೆ. ನಾವು ಕ್ವಿಂಟಲ್ ಲೆಕ್ಕದಲ್ಲಿ ಮಾರಿದ್ದು ಗ್ರಾಂ ಲೆಕ್ಕದಲ್ಲಿ ನಮ್ಮ ಕಪಾಟಿಗೇ ವಾಪಸ್ ಬರುತ್ತೆ.

ಕಡೆಗೆ ತಂಗಿ ಚೀಟಿಯಲ್ಲಿದ್ದ ಒಂದನ್ನೂ ಕೊಳ್ಳಲಿಲ್ಲ. ಕಿರಾಣಿ ಅಂಗಡಿಯ ಸಾದಾ ಶಾಂಪೂ, ಜೊತೆಗೆ ಒಂದು ಅಗ್ಗದ ಕಂಡೀಷನರ್, ಕಡೆಯ ತಂಬಿಗೆಗೆ ಬೋರಿನ ನೀರಿನ ಬದಲು ಹೊಳೆ ನೀರು. ಉಳಿದ ರೊಕ್ಕದಲ್ಲಿ ಮದುವೆ ದಿನ ಅದೇ ಪಾರ್ಲರಿನಾಕಿಯನ್ನ ಮನೆಗೇ ಕರೆಸಿ ಜಡೆ ಹಾಕಿಸಿದರು. ಮೂರು ತಾಸು ಕೂತು, ಮೊಗ್ಗಿನ ಜಡೆ ಹೆಣೆದಳು ಆಕಿ. ಆ ಕೈಕೆಲಸಕ್ಕೆ ಚಿಗವ್ವ ಚೌಕಾಸಿ ಮಾಡಲಿಲ್ಲ.

ತಾನು ಮಾತ್ರ ಬಣ್ಣ ಹಚ್ಚಿಕೊಳ್ಳಲೇ ಇಲ್ಲ. ಕಿವಿ ಹಿಂದೆ ಇಟ್ಟ ಚುಕ್ಕೆ ಮರುದಿನವೇ ಕೆಂಪಗೆ ಎದ್ದಿತ್ತಂತೆ. ಬೆಳ್ಳಗಿನ ತಲೆಯಲ್ಲೇ ಅಕ್ಕಿಕಾಳು ಹಾಕಿದಳು.