ಪ್ಯಾಕ್‌ಮ್ಯಾನ್‌ಗೆ ಯಾವ ಮಾನಿಟರ್? ಪರದೆಯ ಹಿಂದಿನ ಕಥೆ

ಪುಣೆ, ಹೈದರಾಬಾದ್, ಚೆನ್ನೈ ಫ್ಲಾಟುಗಳಲ್ಲಿ ವೀಕೆಂಡ್ ಬಂದ್ರೆ ಪ್ಲೈವುಡ್ ಕೊಯ್ದು, ಬಟನ್ನು ಜಾಯ್‌ಸ್ಟಿಕ್ಕು ಜೋಡಿಸಿ, ಒಳಗೊಂದು ರಾಸ್ಪ್‌ಬೆರಿ ಪೈ ಕೂರಿಸಿ, ಹಳೇ ವಿಡಿಯೋ ಗೇಮ್ ಪಾರ್ಲರಿನ ಆರ್ಕೇಡ್ ಕ್ಯಾಬಿನೆಟ್ಟನ್ನ ಮನೆಯಲ್ಲೇ ಕಟ್ಟೋ ನಮ್ಮವರಿದ್ದಾರೆ. ಎಲ್ಲ ಸರಾಗವಾಗಿ ನಡೆದು, ಕೆಲಸ ನಿಲ್ಲೋದು ಪರದೆ ಹತ್ರ. ಯಾವ ಮಾನಿಟರ್ ತಗೊಳ್ಳೋದು? ಅಂಗಡಿಯವನು ಹರ್ಟ್ಸು, ನಿಟ್ಸು, ಕರ್ವ್ಡ್ ಅಂತ ಶುರು ಮಾಡ್ತಾನೆ. ನನ್ನ ಕೇಳಿದ್ರೆ ಇದಕ್ಕೆ ಉತ್ತರ ಸ್ಪೆಕ್ ಶೀಟಲ್ಲಿರೋದಕ್ಕಿಂತ ಇತಿಹಾಸದಲ್ಲಿ ಜಾಸ್ತಿ ಇದೆ. ಆ ಇತಿಹಾಸದ ಒಂದು ಒಳ್ಳೇ ಅಧ್ಯಾಯ ನಡೆದಿದ್ದು ನಮ್ಮ ಬೆಂಗಳೂರಿನಲ್ಲಿ.

ಮೊದಲು 1978ಕ್ಕೆ ಹೋಗೋಣ. ಜಪಾನಿನ ಟೈಟೊ ಕಂಪನಿಯಲ್ಲಿ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ಮಾಡಿದಾಗ ಟಿವಿ ಟ್ಯೂಬನ್ನ ತೊಂಬತ್ತು ಡಿಗ್ರಿ ತಿರುಗಿಸಿ ಉದ್ದಕ್ಕೆ ನಿಲ್ಲಿಸಿದ್ರು. ಶತ್ರುಗಳು ಮೇಲಿಂದ ಕೆಳಗೆ ಇಳಿದು ಬರೋ ಆಟ, ಎತ್ತರ ಬೇಕು. ಅದು ಬ್ಲ್ಯಾಕ್ ಅಂಡ್ ವೈಟ್ ಚಿತ್ರ. ಅದರ ಮೇಲೆ ಬಣ್ಣದ ಪಾರದರ್ಶಕ ಹಾಳೆಯ ಪಟ್ಟಿ ಇಟ್ಟು ‘ಕಲರ್’ ಮಾಡಿದ್ರು ಅನ್ನೋದು ಬೇರೆ ಮಾತು! 1980ರಲ್ಲಿ ನಾಮ್ಕೊದ ತೊರು ಇವಾತಾನಿ ತಂದ ಪ್ಯಾಕ್‌ಮ್ಯಾನ್ ಕೂಡ ನಿಂತ ಪರದೆಯ ಆಟವೇ. ಅದರ ಚಿತ್ರದ ಅಗಲ 224 ಪಿಕ್ಸೆಲ್, ಎತ್ತರ 288. ಆಗಿನ ಕ್ಯಾಬಿನೆಟ್ಟುಗಳಲ್ಲಿ ಸಾಮಾನ್ಯವಾಗಿ ಇರ್ತಿದ್ದದ್ದು 19 ಇಂಚಿನ 4:3 ಟ್ಯೂಬು. ನಿಲ್ಲಿಸಿದ್ರೆ 3:4, ಅಷ್ಟೇ ವ್ಯತ್ಯಾಸ.

ಈಗ ಅದೇ ಪ್ಯಾಕ್‌ಮ್ಯಾನನ್ನ ಅಡ್ಡ ಕೂತ ಫುಲ್ ಎಚ್‌ಡಿ ಮಾನಿಟರಿಗೆ ಹಾಕಿ. ಪ್ರತಿ ಪಿಕ್ಸೆಲನ್ನ ಮೂರು ಪಟ್ಟು ಮಾಡಿದ್ರೆ 672×864. ಅಂದ್ರೆ 1920ರ ಅಗಲದಲ್ಲಿ ಆಟಕ್ಕೆ ಸಿಕ್ಕಿದ್ದು ಮೂರನೇ ಒಂದು ಪಾಲು, ಮಿಕ್ಕಿದ್ದೆಲ್ಲ ಕಪ್ಪು. ನಾಲ್ಕು ಪಟ್ಟು ಮಾಡೋಣ ಅಂದ್ರೆ ಎತ್ತರ 1152 ಆಗುತ್ತೆ, 1080ರಲ್ಲಿ ಹಿಡಿಸಲ್ಲ. ಅದರ ಬದಲು, 2000ದ ದಶಕದಲ್ಲಿ ನಮ್ಮ ಎಲ್ಲರ ಆಫೀಸ್ ಡೆಸ್ಕ್ ಮೇಲಿದ್ದ ಆ ಚೌಕನೆಯ 19 ಇಂಚಿನ 1280×1024 ಮಾನಿಟರನ್ನ ನಿಲ್ಲಿಸಿ. ನಾಲ್ಕು ಪಟ್ಟು ಚಿತ್ರ 896×1152, ಆರಾಮಾಗಿ ಕೂರುತ್ತೆ. ಅಳೆದ್ರೆ ಸುಮಾರು ಹತ್ತು ಇಂಚು ಅಗಲ, ಹದಿಮೂರು ಇಂಚು ಎತ್ತರ. ಮೂಲ ಟ್ಯೂಬಿನ ಚಿತ್ರಕ್ಕೆ ಹೆಚ್ಚುಕಮ್ಮಿ ಸಮ.

‘ಸ್ಟ್ರೀಟ್ ಫೈಟರ್ 2’ ಥರದ ಅಡ್ಡ ಪರದೆಯ ಆಟಗಳೇ ಮುಖ್ಯ ಅನ್ನೋರಿಗೆ 24 ಇಂಚಿನ ವೈಡ್‌ಸ್ಕ್ರೀನ್ ಸಾಕು. ಅದರ ಮಧ್ಯೆ 4:3 ಚಿತ್ರ ಕೂರಿಸಿದ್ರೆ ಕರ್ಣ ಹತ್ತಿರ ಹತ್ತಿರ 19.6 ಇಂಚು ಬರುತ್ತೆ. ಪಕ್ಕದ ಕಪ್ಪು ಜಾಗಕ್ಕೆ ರಟ್ಟು ಹಚ್ಚಿ ಮುಚ್ಚಿ. ಪರದೆ ತುಂಬಲಿ ಅಂತ ಚಿತ್ರವನ್ನ 16:9ಕ್ಕೆ ಎಳೆಯೋರಿದ್ದಾರೆ, ದಯವಿಟ್ಟು ಬೇಡ. ಕ್ಯಾಪ್‌ಕಾಮ್‌ನವರು 1991ರಲ್ಲಿ ಆ ಆಟವನ್ನ 384×224ರಲ್ಲಿ ಬರೆದದ್ದೇ ಟ್ಯೂಬು ಅದನ್ನ 4:3ಕ್ಕೆ ಒತ್ತಿ ತೋರಿಸುತ್ತೆ ಅಂತ. ಎಳೆದ್ರೆ ರಿಯು ಮದುವೆ ಊಟ ಮುಗಿಸಿ ಬಂದ ಹಾಗೆ ಕಾಣ್ತಾನೆ.

ಸರಿ, ನಿಂತ ಪರದೆಯ ಆಟಕ್ಕೆ ಮಾನಿಟರ್ ತಿರುಗಿಸಿಬಿಡೋಣ ಅಂದ್ರೆ ಅಲ್ಲೇ ಇರೋದು ನಿಜವಾದ ತೊಡಕು. ಟ್ಯೂಬನ್ನ ಹೇಗೆ ತಿರುಗಿಸಿದ್ರೂ ನಡೀತಿತ್ತು, ಯಾಕಂದ್ರೆ ಅದರ ಗಾಜಿನ ಒಳಗಿನ ಫಾಸ್ಫರ್ ತಾನೇ ಹೊಳೆದು ಎಲ್ಲಾ ಕಡೆಗೂ ಬೆಳಕು ಚೆಲ್ಲುತ್ತೆ. ಎಲ್‌ಸಿಡಿ ಹಾಗಲ್ಲ. 1970ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಹಾಫ್‌ಮನ್-ಲಾ ರೋಶ್ ಅನ್ನೋ ಔಷಧಿ ಕಂಪನಿಯ ಮಾರ್ಟಿನ್ ಶಾಟ್ ಮತ್ತು ವುಲ್ಫ್‌ಗಾಂಗ್ ಹೆಲ್ಫ್ರಿಶ್ ‘ಟ್ವಿಸ್ಟೆಡ್ ನೆಮ್ಯಾಟಿಕ್’ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದ್ರು. ಅದೇ ಟಿಎನ್ ಪ್ಯಾನೆಲ್. ಎರಡು ಗಾಜಿನ ನಡುವೆ ಕಡ್ಡಿಯಂಥ ಅಣುಗಳು ಸುರುಳಿ ಮೆಟ್ಟಿಲಿನ ಹಾಗೆ ಮಲಗಿರ್ತವೆ, ವೋಲ್ಟೇಜ್ ಕೊಟ್ರೆ ಎದ್ದು ನಿಲ್ತವೆ. ಆದ್ರೆ ಗಾಜಿಗೆ ಅಂಟಿಕೊಂಡವು ಪೂರ್ತಿ ಏಳಲ್ಲ, ವಾಲಿಕೊಂಡೇ ಇರ್ತವೆ. ಹಾಗಾಗಿ ಒಂದು ಕಡೆಯಿಂದ ನೋಡಿದ್ರೆ ಬಣ್ಣ ಉಲ್ಟಾ. ಹಳೇ ಲ್ಯಾಪ್‌ಟಾಪಿನ ಮುಚ್ಚಳ ಹಿಂದೆ ವಾಲಿಸಿದಾಗ ಫೋಟೋ ನೆಗೆಟಿವ್ ಥರ ಆಗ್ತಿತ್ತಲ್ಲ, ಅದೇ ಇದು. ಮೇಜಿನ ಮೇಲೆ ಆ ಕೆಟ್ಟ ಕೋನ ಕೆಳಗಡೆ ಇರುತ್ತೆ, ಅಲ್ಲಿಂದ ಯಾರೂ ನೋಡಲ್ಲ. ಮಾನಿಟರನ್ನ ನಿಲ್ಲಿಸಿದ ತಕ್ಷಣ ಅದು ಎಡಕ್ಕೋ ಬಲಕ್ಕೋ ಬರುತ್ತೆ. ಕ್ಯಾಪ್‌ಕಾಮ್‌ನ ‘1943’ ಅಂಥ ಆಟವನ್ನ ಇಬ್ಬರು ಅಕ್ಕಪಕ್ಕ ನಿಂತು ಆಡ್ತಾರೆ. ಒಬ್ಬರಿಗೆ ಸಮುದ್ರ ನೀಲಿ, ಇನ್ನೊಬ್ಬರಿಗೆ ಏನೋ ಮಸಿ ಮಸಿ.

ಬೆಂಗಳೂರು ಬರೋದು ಇಲ್ಲಿ. ಸರ್ ಸಿ.ವಿ. ರಾಮನ್ ಅವರ ಸೋದರಿಯ ಮಗ ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗ ಕಟ್ಟಿ, 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವ ಸ್ಫಟಿಕಗಳ ಪ್ರಯೋಗಾಲಯ ಶುರು ಮಾಡಿದ್ರು. ದ್ರವ ಸ್ಫಟಿಕ ಆಗಬೇಕಾದ್ರೆ ಅಣು ಕಡ್ಡಿ ಥರಾನೇ ಇರಬೇಕು ಅನ್ನೋದು ಅಲ್ಲಿವರೆಗಿನ ನಂಬಿಕೆ. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರೂ ಸೇರಿ, ತಟ್ಟೆಯಂಥ ಅಣುಗಳೂ ನಾಣ್ಯ ಪೇರಿಸಿದ ಹಾಗೆ ಒಂದರ ಮೇಲೊಂದು ಕೂತು ದ್ರವ ಸ್ಫಟಿಕ ಆಗ್ತವೆ ಅಂತ ತೋರಿಸಿದ್ರು. ಪ್ರಕಟವಾಗಿದ್ದು ಬೆಂಗಳೂರಿನದೇ ‘ಪ್ರಮಾಣ’ ಪತ್ರಿಕೆಯಲ್ಲಿ. ಆಗ ಅದು ಶುದ್ಧ ವಿಜ್ಞಾನ, ಮಾನಿಟರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಸುಮಾರು ಇಪ್ಪತ್ತು ವರ್ಷ ಬಿಟ್ಟು ಜಪಾನಿನ ಫ್ಯೂಜಿ ಕಂಪನಿ ಅಂಥ ತಟ್ಟೆ ಅಣುಗಳನ್ನ ತೆಳು ಫಿಲ್ಮಿನ ಮೇಲೆ ವಾಲಿಸಿ ಗಟ್ಟಿ ಮಾಡಿ, ಟಿಎನ್ ಪ್ಯಾನೆಲಿನ ಎರಡೂ ಬದಿಗೆ ಹಚ್ಚಿತು. ಕಡ್ಡಿ ಅಣು ಬೆಳಕನ್ನ ಒಂದು ರೀತಿ ಕೆಡಿಸಿದ್ರೆ, ತಟ್ಟೆ ಅಣು ಅದಕ್ಕೆ ವಿರುದ್ಧವಾಗಿ ಕೆಡಿಸುತ್ತೆ. ಎರಡೂ ಸೇರಿ ಹೆಚ್ಚಿನಂಶ ಸರಿಹೋಗುತ್ತೆ. ನಮ್ಮ ಆಫೀಸಿನ ಮಾನಿಟರುಗಳು ಪಕ್ಕದಿಂದಲೂ ಓದೋ ಹಾಗಾಗಿದ್ದು ಇದರಿಂದ. ಐಟಿ ಪಾರ್ಕುಗಳಲ್ಲಿ ಅವುಗಳ ಮುಂದೆ ವರ್ಷಗಟ್ಟಲೆ ಕೂತ ನಮಗೆ ಈ ಮೂರು ಹೆಸರು ಶಾಲೆಯಲ್ಲೂ ಯಾರೂ ಹೇಳಲಿಲ್ಲ, ಕಂಪನಿಯಲ್ಲೂ ಹೇಳಲಿಲ್ಲ.

ಆದ್ರೆ ಕ್ಯಾಬಿನೆಟ್ ವಿಷಯಕ್ಕೆ ಬಂದ್ರೆ ನಾನು ಫಿಲ್ಮ್ ಇದ್ದ ಟಿಎನ್ನನ್ನೂ ಬೇಡ ಅಂತೀನಿ. ಕೆಳಗಿನ ಆ ಒಂದು ಕೋನ ಪೂರ್ತಿ ಸರಿಯಾಗಲ್ಲ. 1990ರ ದಶಕದ ನಡುವೆ ಹಿಟಾಚಿ ಮಾರುಕಟ್ಟೆಗೆ ತಂದ ಐಪಿಎಸ್ ಪ್ಯಾನೆಲಲ್ಲಿ ಅಣುಗಳು ಏಳೋದೇ ಇಲ್ಲ, ಮಲಗಿದ್ದಲ್ಲೇ ಹೊರಳ್ತವೆ. ಹೇಗೆ ತಿರುಗಿಸಿದ್ರೂ ಬಣ್ಣ ಅಷ್ಟಾಗಿ ಕೆಡಲ್ಲ. ನಿಂತ ಪರದೆಗೆ ಐಪಿಎಸ್ಸೇ ಇರಲಿ, ಎರಡನೇ ಮಾತಿಲ್ಲ. 1600×1200ರ ಹಳೇ 20 ಇಂಚಿನ 4:3 ಐಪಿಎಸ್ ಸಿಕ್ಕಿದ್ರಂತೂ ಬಿಡಬೇಡಿ, ಅದರಲ್ಲಿ ಪ್ಯಾಕ್‌ಮ್ಯಾನ್ ಸರಿಯಾಗಿ ಐದು ಪಟ್ಟು ಕೂರುತ್ತೆ. ಲೈಟ್ ಗನ್ ಆಟಗಳನ್ನ ಮಾತ್ರ ಮರೆತುಬಿಡಿ. ಟ್ಯೂಬಿನ ಮಿಂಚನ್ನ ಹಿಡಿಯೋ ಆ ಗನ್ನು ಯಾವ ಫ್ಲಾಟ್ ಪ್ಯಾನೆಲ್ ಮುಂದೆಯೂ ಕುರುಡು.

ಲ್ಯಾಮಿಂಗ್ಟನ್ ರೋಡೋ, ರಿಚ್ಚಿ ಸ್ಟ್ರೀಟೋ, ನೆಹರೂ ಪ್ಲೇಸೋ, ಸೆಕೆಂಡ್ ಹ್ಯಾಂಡ್ ತಗೊಳ್ಳೋಕೆ ಹೋದಾಗ ಪೆನ್ ಡ್ರೈವಲ್ಲಿ ಒಂದು ಬರೀ ಬೂದು ಬಣ್ಣದ ಚಿತ್ರ, ಒಂದು ಮನುಷ್ಯರ ಮುಖದ ಫೋಟೋ ಹಾಕ್ಕೊಂಡು ಹೋಗಿ. ಮಾನಿಟರನ್ನ ನಿಲ್ಲಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿದು ನೋಡಿ. ಒಂದು ಕಡೆ ಮುಖ ನೆಗೆಟಿವ್ ಆದ್ರೆ ಅದು ಟಿಎನ್, ಬೆಲೆ ಎಷ್ಟೇ ಇಳಿಸಿದ್ರೂ ವಾಪಸ್ ಇಡಿ. ಹಳೇ ಮಾನಿಟರುಗಳ ಬ್ಯಾಕ್‌ಲೈಟ್ ಸಣ್ಣ ಟ್ಯೂಬ್‌ಲೈಟೇ ಆದ್ದರಿಂದ ಬಿಸಿಯಾಗೋಕೆ ಸ್ವಲ್ಪ ಹೊತ್ತು ಬೇಕು. ಒಂದು ಚಹಾ ಕುಡಿಯೋಷ್ಟು ಹೊತ್ತು ಆನ್ ಇಟ್ಟು, ಆಮೇಲೆ ಬೆಲೆ ಮಾತಾಡಿ.