ಅಂಗೈಯ ತಾಪ

೨೦೦೭ನೆಯ ಇಸವಿಯ ಆಗಸ್ಟ್ ೧೪ರಂದು, ನಮ್ಮ ಸ್ವಾತಂತ್ರ್ಯಕ್ಕೆ ಅರುವತ್ತು ವರ್ಷ ತುಂಬುವ ಮುನ್ನಾದಿನ, ಫಿನ್‌ಲೆಂಡಿನ ನೋಕಿಯಾ ಸಂಸ್ಥೆಯು ಹೊರಡಿಸಿದ ಸೂಚನಾಪತ್ರವೊಂದು ಭಾರತದ ಊರೂರುಗಳಲ್ಲಿ ಹುಟ್ಟಿಸಿದ ಕಳವಳವನ್ನು ಈಗ ನೆನೆಯುವವರು ವಿರಳ. ಜಪಾನಿನ ಮತ್ಸುಶಿತ ಸಂಸ್ಥೆಯವರು ೨೦೦೫ರ ಡಿಸೆಂಬರಿನಿಂದ ಮರುವರ್ಷದ ನವೆಂಬರಿನವರೆಗೆ ತಯಾರಿಸಿಕೊಟ್ಟ ಬಿಎಲ್-೫ಸಿ ಮಾದರಿಯ ೪ ಕೋಟಿ ೬೦ ಲಕ್ಷ ಬ್ಯಾಟರಿಗಳ ಪೈಕಿ ಕೆಲವು, ಚಾರ್ಜಿಗೆ ಇಟ್ಟಾಗ ಒಳಗೊಳಗೇ ಶಾರ್ಟ್ ಆಗಿ ಅತಿಯಾಗಿ ಕಾಯಬಹುದು, ಬೇಕೆಂದವರಿಗೆ ಅವನ್ನು ಉಚಿತವಾಗಿ ಬದಲಾಯಿಸಿಕೊಡಲಾಗುವುದು ಎಂಬುದಷ್ಟೇ ಆ ಪತ್ರದ ಸಾರಾಂಶ. ಜಗತ್ತಿನಲ್ಲೆಲ್ಲ ಸೇರಿ ಅಂಥ ಪ್ರಕರಣಗಳು ನೂರರ ಆಸುಪಾಸಿನಲ್ಲಿದ್ದವು. ಆದರೆ ಬಾಯಿಂದ ಬಾಯಿಗೆ ಹೋಗುತ್ತ ಸುದ್ದಿಯು ‘ನೋಕಿಯಾ ಸಿಡಿಯುತ್ತದಂತೆ’ ಎಂಬ ರೂಪವನ್ನು ತಾಳಿದ್ದೇ ತಡ, ಜನರು ಹಿಂಬದಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಜಾರಿಸಿ, ಬ್ಯಾಟರಿಯನ್ನು ಉಗುರಿನಿಂದ ಮೀಟಿ ತೆಗೆದು, ಅದರ ಬೆನ್ನಿನಲ್ಲಿ ಇರುವೆಸಾಲಿನಂತೆ ಅಚ್ಚಾಗಿದ್ದ ೨೬ ಅಕ್ಷರಾಂಕಿಗಳನ್ನು ಕಣ್ಣು ಕಿರಿದುಮಾಡಿ ಓದಿ, ಕಂಪನಿಯ ಸೇವಾಕೇಂದ್ರಗಳ ಮುಂದೆ ನೆರೆದರು. ದೋಷ ಇದ್ದದ್ದು ವಸ್ತುವಿನಲ್ಲಿ. ಪರಿಹಾರವೂ ವಸ್ತುವೇ: ಹಳೆಯದನ್ನು ಕೊಟ್ಟು ಹೊಸದನ್ನು ತೆಗೆದುಕೊಳ್ಳುವುದು. ಇಂದು ಅದೇ ದೂರನ್ನು ಹೊತ್ತುಕೊಂಡು ಹೋದವನಿಗೆ ದೊರೆಯುವ ಮೊದಲನೆಯ ಉತ್ತರವು ‘ಅಪ್‌ಡೇಟ್ ಮಾಡಿ ನೋಡಿ’ ಎಂಬುದಾಗಿದೆ. ಕೈ ಸುಡುವ ತಾಪಕ್ಕೆ ಕಣ್ಣಿಗೆ ಕಾಣದ ತಂತ್ರಾಂಶವು ಮದ್ದಾದುದು ಹೇಗೆ, ಎಷ್ಟರಮಟ್ಟಿಗೆ ಆದುದು ಎಂಬ ವೃತ್ತಾಂತವು ಈಚಿನದಾದರೂ ವಿಚಾರಾರ್ಹವಾದುದು.

ವಿದ್ಯುತ್ತು ಹರಿದಲ್ಲೆಲ್ಲ ತಾಪವು ಹುಟ್ಟುವುದು ಪ್ರಕೃತಿನಿಯಮ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಜೌಲ್ ಮಹಾಶಯನು ಅದನ್ನು ಅಳೆದು ತೋರಿಸಿದನು. ಗಣಕದ ಚಿಪ್ಪು ಕಿರಿದಾದಂತೆಲ್ಲ ಅದರೊಳಗಿನ ಪ್ರತಿಯೊಂದು ಟ್ರಾನ್ಸಿಸ್ಟರೂ ಅದೇ ಪ್ರಮಾಣದಲ್ಲಿ ಮಿತವ್ಯಯಿಯಾಗುತ್ತ ಹೋಗುವುದೆಂದು ೧೯೭೪ರಲ್ಲಿ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಕಂಡುಕೊಂಡ ಸೂತ್ರವು ಮೂರು ದಶಕಗಳ ಕಾಲ ಉದ್ಯಮವನ್ನು ಕಾಪಾಡಿತಾದರೂ, ೨೦೦೫ರ ಸುಮಾರಿಗೆ ಅದರ ಬಲವು ಉಡುಗಿತು. ಆ ಬಳಿಕ ವೇಗವೆಂದರೆ ತಾಪವೆಂದೇ ಅರ್ಥ. ಮೇಜಿನ ಮೇಲಿನ ಗಣಕಕ್ಕೆ ಫ್ಯಾನು ಉಂಟು. ಜೇಬಿನ ಫೋನಿಗೆ ಬೆನ್ನಿನ ತಗಡೂ ಮುಖದ ಗಾಜೂ ಹೊರತು ಉಸಿರಾಡಲು ಬೇರೆ ದ್ವಾರವಿಲ್ಲ. ಆದಕಾರಣ, ಯಾವ ಕೆಲಸ ಈಗ ನಡೆಯಬೇಕು, ಯಾವುದು ತಡೆಯಬಹುದು, ಚಿಪ್ಪು ಯಾವ ವೇಗದಲ್ಲಿ ಓಡಬೇಕು, ತಾಪಮಾಪಕವು ಎಷ್ಟು ತೋರಿಸಿದಾಗ ಓಟ ನಿಧಾನವಾಗಬೇಕು ಎಂಬ ತೀರ್ಮಾನಗಳೆಲ್ಲವೂ ತಂತ್ರಾಂಶದ ವಶಕ್ಕೆ ಬಂದುವು. ಅಪ್‌ಡೇಟಿಗೆ ಈ ವಿಷಯದಲ್ಲಿ ಅಧಿಕಾರ ದೊರೆತುದು ಇಲ್ಲಿಂದಲೇ, ಅಧಿಕಾರದ ಎಲ್ಲೆಯೂ ಇಷ್ಟೇ.

೨೦೧೫ರಲ್ಲಿ ಕ್ವಾಲ್‌ಕಾಮ್‌ನವರ ಸ್ನಾಪ್‌ಡ್ರಾಗನ್ ೮೧೦ ಎಂಬ ಚಿಪ್ಪು ಅತಿತಾಪದ ಅಪಕೀರ್ತಿಗೆ ಗುರಿಯಾದಾಗ ಈ ಎಲ್ಲೆಯು ಜನಕ್ಕೆ ಮೊದಲು ಕಾಣಿಸಿತು. ಎಚ್‌ಟಿಸಿ ಸಂಸ್ಥೆಯ ಒನ್ ಎಂ೯ ಫೋನು ಪರೀಕ್ಷಕರ ಕೈಯಲ್ಲಿ ಕಾದು ಸುದ್ದಿಯಾಯಿತು. ಅದರಲ್ಲಿರುವುದು ಅಂತಿಮ ತಂತ್ರಾಂಶವಲ್ಲವೆಂದು ಸಂಸ್ಥೆಯು ಸಮಜಾಯಿಷಿ ನೀಡಿತು. ಸ್ಯಾಮ್‌ಸಂಗ್‌ನವರು ಆ ವರ್ಷದ ಗ್ಯಾಲಕ್ಸಿ ಎಸ್೬ಕ್ಕೆ ತಮ್ಮದೇ ಚಿಪ್ಪನ್ನು ಹಾಕಿಕೊಂಡು ಈ ಗೊಡವೆಯಿಂದಲೇ ದೂರವಾದರು. ಮರುವರ್ಷ ಅವರ ಪಾಲಿಗೆ ಒದಗಿದ ಆಪತ್ತನ್ನು ನೆನೆದರೆ ಇದನ್ನು ಜಾಣತನವೆನ್ನಬೇಕೋ ವಿಧಿಯ ಅಣಕವೆನ್ನಬೇಕೋ ತಿಳಿಯದು.

ಗ್ಯಾಲಕ್ಸಿ ನೋಟ್ ೭ರ ಕಥೆ ಕಾಯುವುದರಿಂದ ತೊಡಗಿ ಉರಿಯುವುದರಲ್ಲಿ ಮುಗಿಯಿತು. ೨೦೧೬ರ ಆಗಸ್ಟ್ ೧೯ರಂದು ಮಾರುಕಟ್ಟೆಗೆ ಬಂದ ಈ ಫೋನುಗಳು ಅಲ್ಲಲ್ಲಿ ಹೊತ್ತಿಕೊಂಡುವೆಂಬ ವರದಿಗಳು ಬಂದು, ಸೆಪ್ಟೆಂಬರ್ ೨ರಂದು ಸಂಸ್ಥೆಯು ೨೫ ಲಕ್ಷ ಫೋನುಗಳನ್ನು ಹಿಂದಕ್ಕೆ ಕರೆಯಿತು. ವಿಮಾನದೊಳಗೆ ಅದನ್ನು ಬಳಸಕೂಡದೆಂದು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ ಆಜ್ಞೆ ಮಾಡಿತು. ಈ ನಡುವೆ ಕೊರಿಯದಲ್ಲಿ, ಇನ್ನೂ ಹಿಂದಿರುಗಿಸದವರ ಫೋನುಗಳಿಗೆ ಒಂದು ಅಪ್‌ಡೇಟನ್ನು ಕಳುಹಿಸಿ, ಬ್ಯಾಟರಿಯು ಶೇಕಡಾ ೬೦ಕ್ಕಿಂತ ಹೆಚ್ಚು ತುಂಬದಂತೆ ಕಟ್ಟುಹಾಕಲಾಯಿತು. ಬದಲಿಯಾಗಿ ಕೊಟ್ಟ ಫೋನುಗಳೂ ಹೊತ್ತಿಕೊಳ್ಳಲು, ಅಕ್ಟೋಬರ್ ೧೧ರಂದು ತಯಾರಿಕೆಯೇ ನಿಂತುಹೋಯಿತು. ಆದರೂ ಕೆಲವರು ಮೋಹವನ್ನು ಬಿಡಲೊಲ್ಲದೆ ಅದನ್ನೇ ಹಿಡಿದುಕೊಂಡಿದ್ದರಾಗಿ, ವರ್ಷಾಂತ್ಯಕ್ಕೆ ಅಮೆರಿಕದಲ್ಲಿ ಇನ್ನೊಂದು ಅಪ್‌ಡೇಟು ಹೊರಟಿತು. ಫೋನು ಚಾರ್ಜೇ ಆಗದಂತೆ ಮಾಡುವುದು ಅದರ ಏಕೈಕ ಕಾರ್ಯವಾಗಿದ್ದಿತು. ಗುಣಪಡಿಸುವ ಶಕ್ತಿಯಿಲ್ಲದ ತಂತ್ರಾಂಶಕ್ಕೆ ಕೊಲ್ಲುವ ಶಕ್ತಿಯಾದರೂ ಇತ್ತೆಂಬುದು ಆಗ ತಿಳಿದುಬಂತು.

೨೦೧೭ರ ಜನವರಿ ೨೩ರಂದು ಪ್ರಕಟವಾದ ತನಿಖೆಯ ಫಲಿತವನ್ನು ನೋಡಿದರೆ, ಅಪ್‌ಡೇಟಿನಿಂದ ಇದು ಸರಿಹೋಗುವ ಸಂಭವವೇ ಏಕೆ ಇರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ೨ ಲಕ್ಷ ಫೋನುಗಳನ್ನೂ ೩೦ ಸಾವಿರ ಬ್ಯಾಟರಿಗಳನ್ನೂ ಪರೀಕ್ಷೆಗೊಡ್ಡಿ ಕಂಡುಕೊಂಡದ್ದು ಇಷ್ಟು: ಮೊದಲನೆಯ ತಯಾರಕರ ಬ್ಯಾಟರಿಯಲ್ಲಿ ಮೇಲ್ತುದಿಯ ಬಲಮೂಲೆಗೆ ಸಾಕಷ್ಟು ಎಡೆಯಿಲ್ಲದೆ ಋಣಧ್ರುವದ ಪದರವು ಮಡಿಚಿಕೊಂಡಿತ್ತು, ಎರಡನೆಯವರ ಬ್ಯಾಟರಿಯಲ್ಲಿ ಬೆಸುಗೆ ಹಾಕಿದ ಕಡೆ ಉಳಿದ ಲೋಹದ ಮುಳ್ಳುಗಳು ನಡುವಣ ತೆಳುಪೊರೆಯನ್ನು ಚುಚ್ಚಿದ್ದುವು. ಕೂದಲಿನಷ್ಟೂ ದಪ್ಪವಿಲ್ಲದ ಆ ಪೊರೆ ಹರಿದು ಎರಡು ಧ್ರುವಗಳೂ ಸೋಕಿದ ಮೇಲೆ, ತಾಪವು ರಾಸಾಯನಿಕ ಕ್ರಿಯೆಯನ್ನು ಕೆರಳಿಸಿ, ಆ ಕ್ರಿಯೆಯು ಮತ್ತಷ್ಟು ತಾಪವನ್ನು ಹಡೆದು, ಯಾರ ಮಾತಿಗೂ ನಿಲ್ಲದೆ ನಡೆದುಹೋಗುತ್ತದೆ.

ಇದಕ್ಕೆ ತೀರ ವಿರುದ್ಧವಾದ ದೃಷ್ಟಾಂತವು ೨೦೨೩ರದು. ಸೆಪ್ಟೆಂಬರ್ ೨೨ರಂದು ಮಾರಾಟಕ್ಕೆ ಬಂದ ಆಪಲ್‌ನ ಐಫೋನ್ ೧೫ ಪ್ರೊ ವಿಪರೀತ ಕಾಯುತ್ತದೆಂಬ ಕೂಗು ಎದ್ದಾಗ, ಹೊಸದಾದ ಟೈಟೇನಿಯಂ ಚೌಕಟ್ಟಿನ ಮೇಲೆ ಹಲವರು ಬೆರಳುಮಾಡಿದರು. ಸಂಸ್ಥೆಯು ಅದನ್ನು ಒಪ್ಪಲಿಲ್ಲ. ಹೊಸ ಫೋನಿಗೆ ಹಳೆಯದರ ಸರಕನ್ನೆಲ್ಲ ತುಂಬಿಸಿಕೊಳ್ಳುವ ಮೊದಲ ಕೆಲವು ದಿನಗಳಲ್ಲಿ ಮರೆಯಲ್ಲಿ ನಡೆಯುವ ಕೆಲಸವು ಹೆಚ್ಚೆಂದೂ, ಐಒಎಸ್ ೧೭ರಲ್ಲಿ ಒಂದು ದೋಷವಿದೆಯೆಂದೂ, ಇನ್‌ಸ್ಟಾಗ್ರಾಂ, ಊಬರ್, ಅಸ್ಫಾಲ್ಟ್ ೯ ಮೊದಲಾದ ಆ್ಯಪ್‌ಗಳು ಚಿಪ್ಪನ್ನು ಅತಿಯಾಗಿ ದುಡಿಸುತ್ತಿವೆಯೆಂದೂ ವಿವರಿಸಿ, ಅಕ್ಟೋಬರ್ ೪ರಂದು ೧೭.೦.೩ ಎಂಬ ಅಪ್‌ಡೇಟನ್ನು ಬಿಡುಗಡೆ ಮಾಡಿತು. ಕೂಗು ಬಹುಮಟ್ಟಿಗೆ ಅಡಗಿತು. ವ್ಯರ್ಥವಾಗಿ ಸುತ್ತುತ್ತಿರುವ ಕೆಲಸವೇ ತಾಪಕ್ಕೆ ಮೂಲವಾಗಿರುವಲ್ಲಿ, ಅದನ್ನು ನಿಲ್ಲಿಸುವ ಅಪ್‌ಡೇಟು ನಿಜವಾದ ಔಷಧವೇ ಸರಿ. ಅಲ್ಲಿ ಬಳಕೆದಾರನು ಏನನ್ನೂ ಕಳೆದುಕೊಳ್ಳುವುದಿಲ್ಲ.

ಆದರೆ ಔಷಧವೆಂಬ ಹೆಸರಿನಲ್ಲಿ ಪಥ್ಯವನ್ನು ಬಡಿಸಿದ ಪ್ರಸಂಗಗಳೂ ಉಂಟು, ಕೆಲವೊಮ್ಮೆ ರೋಗಿಗೆ ತಿಳಿಸದೆಯೇ. ೨೦೨೨ರ ಮಾರ್ಚ್ ತಿಂಗಳಲ್ಲಿ, ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್೨೨ ಫೋನುಗಳಲ್ಲಿ ಅಡಗಿದ್ದ ಒಂದು ತಂತ್ರಾಂಶವು ಆಟಗಳ ವೇಗವನ್ನು ಸದ್ದಿಲ್ಲದೆ ತಗ್ಗಿಸುತ್ತಿದೆಯೆಂಬುದು ಬಯಲಾಯಿತು. ವೇಗದ ಅಳತೆ ಮಾಡುವ ಗೀಕ್‌ಬೆಂಚ್‌ನವರು ಆ ಫೋನುಗಳನ್ನು ತಮ್ಮ ಪಟ್ಟಿಯಿಂದ ತೆಗೆದುಹಾಕಿದರು. ಕಟ್ಟನ್ನು ಸಡಿಲಿಸಿಕೊಳ್ಳುವ ಸ್ವಾತಂತ್ರ್ಯವನ್ನು ಬಳಕೆದಾರನಿಗೇ ಕೊಡುವ ಅಪ್‌ಡೇಟೊಂದನ್ನು ಸಂಸ್ಥೆಯು ಹೊರಡಿಸಬೇಕಾಯಿತು. ೨೦೨೫ರಲ್ಲಿ ಗೂಗಲ್‌ನವರು ಪಿಕ್ಸೆಲ್ ೪ಎ ಫೋನುಗಳ ಬ್ಯಾಟರಿ ಅತಿಯಾಗಿ ಕಾಯದಿರಲೆಂದು ಕಳುಹಿಸಿದ ಅಪ್‌ಡೇಟು, ಕೆಲವು ಫೋನುಗಳಲ್ಲಿ ಬ್ಯಾಟರಿಯು ಹಿಡಿಯುವ ವಿದ್ಯುತ್ತನ್ನೇ ಕುಗ್ಗಿಸಿತು. ಜೊತೆಗೆ ಬ್ಯಾಟರಿ ಬದಲಾವಣೆಯನ್ನೋ ಪರಿಹಾರವನ್ನೋ ನೀಡುವುದಾಗಿ ಅವರೇ ಹೇಳಿದರು. ಪಥ್ಯ ತಪ್ಪಲ್ಲ; ಹೇಳದೆ ಮಾಡಿಸುವ ಪಥ್ಯ ಮಾತ್ರ ವಂಚನೆಗೆ ಬಹು ಹತ್ತಿರದ್ದೆಂದು ನಾನು ಎಣಿಸುತ್ತೇನೆ.

ಇನ್ನು ತಯಾರಕನ ಕೈಗೂ ನಿಲುಕದ ಕಾರಣಗಳುಂಟು. ಐಫೋನನ್ನು ಸೊನ್ನೆಯಿಂದ ೩೫ ಡಿಗ್ರಿ ಸೆಲ್ಸಿಯಸ್‌ವರೆಗಿನ ಹವೆಯಲ್ಲಿ ಬಳಸತಕ್ಕದ್ದೆಂದು ಆಪಲ್‌ನವರೇ ಬರೆದಿದ್ದಾರೆ. ರಾಯಚೂರು, ಕಲಬುರಗಿಗಳ ಬೇಸಗೆಯು ನಲವತ್ತನ್ನು ದಾಟುವುದು ವಾಡಿಕೆಯ ಸಂಗತಿ. ಅಲ್ಲಿ ಮಧ್ಯಾಹ್ನ ಊಟದ ಪೊಟ್ಟಣಗಳನ್ನು ಮನೆಗಳಿಗೆ ಮುಟ್ಟಿಸುವ ಹುಡುಗನು, ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿದ ಫೋನಿನಲ್ಲಿ ನಕ್ಷೆಯನ್ನು ತೆರೆದಿಟ್ಟು, ಬಿಸಿಲಿಗೆ ಕಾಣಲೆಂದು ಪರದೆಯ ಬೆಳಕನ್ನು ತುದಿಗೇರಿಸಿ, ಪವರ್ ಬ್ಯಾಂಕಿನಿಂದ ಚಾರ್ಜನ್ನೂ ಮಾಡುತ್ತ ಹೋಗುವಾಗ, ಚಿಪ್ಪು, ಪರದೆ, ರೇಡಿಯೊ, ಬ್ಯಾಟರಿ ಎಂಬ ನಾಲ್ಕು ಒಲೆಗಳ ಮೇಲೆ ಐದನೆಯದಾಗಿ ವೈಶಾಖದ ಸೂರ್ಯನೂ ಸೇರಿಕೊಳ್ಳುತ್ತಾನೆ. ರಿಪೇರಿ ಅಂಗಡಿಯವನು ಅಂಥ ಫೋನಿನ ಬೆನ್ನು ಬಿಚ್ಚಿ, ಉಬ್ಬಿದ ಬ್ಯಾಟರಿಯನ್ನು ಬೆರಳಿನಿಂದ ಒತ್ತಿ ತೋರಿಸಿ, ‘ಇದನ್ನ ಬದಲಿ ಮಾಡ್ಬೇಕ್ರೀ, ಚಾರ್ಜಿಗೆ ಹಾಕುವಾಗ ಪೌಚ್ ತೆಗೀರಿ’ ಎನ್ನುವನು. ಅಪ್‌ಡೇಟಿನ ಮಾತನ್ನು ಅವನು ಎತ್ತುವುದೇ ಇಲ್ಲ.

೨೦೨೫ರ ಸೆಪ್ಟೆಂಬರಿನಲ್ಲಿ ಆಪಲ್‌ನವರು ಐಫೋನ್ ೧೭ ಪ್ರೊವನ್ನು ಹೊರತಂದಾಗ, ಎರಡು ವರ್ಷಗಳ ಹಿಂದೆ ತಾವೇ ನಿರ್ದೋಷಿಯೆಂದು ಸಾರಿದ್ದ ಟೈಟೇನಿಯಂ ಅಲ್ಲಿರಲಿಲ್ಲ. ಅದರ ಜಾಗದಲ್ಲಿ, ತಾಪವನ್ನು ಬೇಗ ಹರಡತಕ್ಕ ಅಲ್ಯೂಮಿನಿಯಂ ಮೈಯೂ, ಒಳಗೆ ತುಸು ನೀರನ್ನು ಹಿಡಿದಿಟ್ಟು ಆವಿಯ ಮೂಲಕ ಚಿಪ್ಪಿನ ಬಿಸಿಯನ್ನು ಸಾಗಿಸುವ ತೆಳ್ಳನೆಯ ಕೋಶವೂ ಬಂದಿದ್ದುವು. ವಿವರಪತ್ರದಲ್ಲಿ ಮಾತ್ರ ೩೫ ಡಿಗ್ರಿಯ ಮಿತಿ ಇದ್ದಂತೆಯೇ ಉಳಿದಿದೆ. ಕಲಬುರಗಿಯಲ್ಲಿ ಮಾರ್ಚ್ ತಿಂಗಳಲ್ಲೇ ಅದು ದಾಟಿಹೋಗುತ್ತದೆ.