ದಮ್ಮು

ದಮ್ಮು (ನಾಮಪದ): ಉಸಿರು, ಏದುಸಿರು, ಉಬ್ಬಸ, ಕಸುವು.

ಮೂಲ: ಪಾರಸಿಯಲ್ಲಿ ‘ದಮ್’ ಎಂದರೆ ಉಸಿರು. ಉರ್ದು, ದಖನಿಗಳ ಮೂಲಕ ಕನ್ನಡಕ್ಕೆ ಬಂತು. ಈ ಪದ ಬಳಕೆಯಲ್ಲಿರುವ ಗಡಿಸೀಮೆಯ ಜಹೀರಾಬಾದ್, ನಾರಾಯಣಖೇಡಗಳು ಹಿಂದೆ ಬೀದರ ಜಿಲ್ಲೆಯಲ್ಲೂ ತಾಂಡೂರು ಕಲಬುರಗಿ ಜಿಲ್ಲೆಯಲ್ಲೂ ಇದ್ದವು. 1956ರಲ್ಲಿ ಆಂಧ್ರಪ್ರದೇಶಕ್ಕೆ ಸೇರಿ, ಈಗ ತೆಲಂಗಾಣದಲ್ಲಿವೆ. ಕನ್ನಡ, ತೆಲುಗು, ಉರ್ದು ಬೆರೆತ ಆ ಸೀಮೆಯಲ್ಲಿ ಈ ಪದ ಎಲ್ಲರಿಗೂ ತಿಳಿಯುತ್ತದೆ.

ಬಳಕೆ: ‘ದಮ್ಮಿದ್ದರೆ ಬಾ’ ಎಂಬಲ್ಲಿ ಧೈರ್ಯ, ‘ದಮ್ ಬಿರಿಯಾನಿ’ಯಲ್ಲಿ ಮುಚ್ಚಿಟ್ಟ ಹಬೆ, ‘ಕೂಸಿಗಿ ದಮ್ಮು ಹತ್ಯಾದ’ ಎಂದರೆ ಉಸಿರಾಟ ಕಷ್ಟವಾಗಿದೆ.

ಈ ಕೊನೆಯ ಮಾತು ಕೇಳಿದ ಕೂಡಲೇ ಎಚ್ಚರಾಗಬೇಕು. ದೊಡ್ಡವರ ದಮ್ಮಿಗೆ ಅಸ್ತಮಾ ಕಾರಣವಾಗಿರಬಹುದು. ಹಸುಗೂಸಿನ ದಮ್ಮಿಗೆ ಹಲವು ಸಲ ಆರ್‌ಎಸ್‌ವಿ ವೈರಾಣು ಕಾರಣ. ಎರಡು ವರ್ಷ ತುಂಬುವುದರೊಳಗೆ ಇದು ಬಹುತೇಕ ಎಲ್ಲ ಮಕ್ಕಳಿಗೂ ತಗಲುತ್ತದೆ. ಹೆಚ್ಚಿನವರಿಗೆ ನೆಗಡಿ, ಕೆಮ್ಮಿನಲ್ಲೇ ಮುಗಿಯುತ್ತದೆ. ಎಳೆಗೂಸುಗಳಲ್ಲಿ, ದಿನ ತುಂಬದೆ ಹುಟ್ಟಿದವರಲ್ಲಿ ಅದು ಪುಪ್ಪುಸದ ಸಣ್ಣ ನಾಳಗಳಿಗಿಳಿದು ಊತ ತಂದು ಕಫ ತುಂಬಿಸುತ್ತದೆ.

ಕೂಸು ಮಲಗಿರುವಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎರಡು ತಿಂಗಳೊಳಗೆ 60, ಆಮೇಲೆ ವರ್ಷದವರೆಗೆ 50 ಮುಟ್ಟಿದರೆ, ಪಕ್ಕೆ ಒಳಸೆಳೆದರೆ, ಮೊಲೆ ಬಿಟ್ಟರೆ, ತುಟಿ ನೀಲಿಯಾದರೆ, ಉಸಿರು ನಡುವೆ ನಿಂತರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಆಕ್ಸಿಜನ್, ಅಗತ್ಯವಿದ್ದರೆ ನಳಿಕೆಯಿಂದ ಹಾಲು ಕೊಡುತ್ತಾರೆ. ವೈರಾಣುವಿಗೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ಸೌಮ್ಯವಾಗಿದ್ದರೆ ಮೂಗಿಗೆ ಸಲೈನ್ ಹನಿ, ಸ್ವಲ್ಪಸ್ವಲ್ಪವಾಗಿ ಮತ್ತೆಮತ್ತೆ ಎದೆಹಾಲು ಸಾಕು. ಲೋಬಾನದ ಹೊಗೆ, ಬೀಡಿಯ ಹೊಗೆ ಕೂಸಿನ ಹತ್ತಿರ ಸುಳಿಯಬಾರದು. ಎತ್ತಿಕೊಳ್ಳುವ ಮುನ್ನ ಎಲ್ಲರೂ ಸೋಪಿನಿಂದ ಕೈ ತೊಳೆಯಬೇಕು.